ಅಕ್ಷರ ದೊಡ್ಡದಿರಲಿ, ಕುತ್ತಿಗೆ ನೆಟ್ಟಗಿರಲಿ: ಕಂಪ್ಯೂಟರ್ ಮುಂದೆ ದುಡಿಯುವ ಮುಂಬಯಿ ಕನ್ನಡಿಗರು ಗಮನಿಸಬೇಕಾದ ಸಂಗತಿಗಳು

ಉದರ ನಿಮಿತ್ತ ಮಹಾನಗರ ಮುಂಬಯಿಗೆ ಬಂದ ತುಳು-ಕನ್ನಡಿಗರಲ್ಲಿ ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಂತೆ ಬ್ಯಾಂಕಿನ ಲೆಡ್ಜರಿನ ಮುಂದೆ ಕುಳಿತವರೂ ಬಹಳ ಮಂದಿ. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931), ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ (1906), ಸಿಂಡಿಕೇಟ್ ಬ್ಯಾಂಕ್ (1925) ಇವುಗಳ ಇಲ್ಲಿನ ಶಾಖೆಗಳು ಹಗಲು ದುಡಿದು ರಾತ್ರಿ ಶಾಲೆ, ಸಂಜೆ ಕಾಲೇಜುಗಳಲ್ಲಿ ಕಲಿತ ಎಷ್ಟೋ ಯುವಕರಿಗೆ ಅನ್ನ ಕೊಟ್ಟಿವೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ, ಕಾರ್ಪೊರೇಶನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಅದೇ ವರ್ಷ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಬೋರ್ಡುಗಳ ಮೇಲಿನ ಹೆಸರು ಬದಲಾಯಿತು. ಅದಕ್ಕೂ ಮೊದಲೇ, ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಗಿತ್ತು. ಮೇಜಿನ ಮೇಲಿನ ಲೆಡ್ಜರ್ ಹೋಗಿ ಅಲ್ಲಿ ಕಂಪ್ಯೂಟರ್ ಬಂದು ಕುಳಿತಿತ್ತು.

1983ರಲ್ಲಿ ಬ್ಯಾಂಕ್ ಆಡಳಿತಗಳ ಸಂಘಟನೆಗೂ ನೌಕರರ ಸಂಘಟನೆಗಳಿಗೂ ಯಂತ್ರೀಕರಣದ ಬಗ್ಗೆ ಒಪ್ಪಂದವಾಯಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಡಾ. ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ಅಂದು ನಡೆದ ಚರ್ಚೆಯೆಲ್ಲ ಯಂತ್ರ ಬಂದರೆ ಕೆಲಸ ಹೋಗುತ್ತದೆಯೇ ಎಂಬುದರ ಸುತ್ತ. ಆ ಭಯಪಟ್ಟಷ್ಟು ಕೆಲಸ ಹೋಗಲಿಲ್ಲ. ಆದರೆ ಕೆಲಸ ಮಾಡುವ ಭಂಗಿ ಹೋಯಿತು. ಲೆಡ್ಜರಿನ ಕಾಲದಲ್ಲಿ ಗುಮಾಸ್ತ ಹತ್ತು ಸಲ ಏಳುತ್ತಿದ್ದ. ಭಾರದ ಪುಸ್ತಕವನ್ನು ಎತ್ತಿ ತರುತ್ತಿದ್ದ, ಅಧಿಕಾರಿಯ ಮೇಜಿಗೆ ಒಯ್ಯುತ್ತಿದ್ದ, ಮಬ್ಬಾದ ಬರಹವನ್ನು ಬೆಳಕಿಗೆ ಹಿಡಿದು ಓದುತ್ತಿದ್ದ. ಪುಸ್ತಕ ಕಣ್ಣಿನ ಬಳಿಗೆ ಬರುತ್ತಿತ್ತು. ಕಂಪ್ಯೂಟರಿನ ಪರದೆ ಅಲ್ಲಾಡುವುದಿಲ್ಲ. ಅಕ್ಷರ ಕಾಣದಿದ್ದರೆ ಮನುಷ್ಯನೇ ಅದರ ಬಳಿಗೆ ಬಾಗಬೇಕು. ಇಂದು ಐವತ್ತು ದಾಟಿದ ನೌಕರರ ಕುತ್ತಿಗೆ ನೋವು, ಭುಜದ ಸೆಳೆತ, ಸಂಜೆಯ ತಲೆನೋವುಗಳ ಲೆಕ್ಕ ಬಹುಪಾಲು ಇಲ್ಲಿಂದಲೇ ಆರಂಭವಾಗುತ್ತದೆ.

ಬರೆಯುವವರ ಕಾಯಿಲೆ ಹೊಸತಲ್ಲ

ಕುಳಿತು ಬರೆಯುವ ಕೆಲಸ ಸುಖದ ಕೆಲಸ ಎಂದು ಊರಿನವರು ಭಾವಿಸುವುದುಂಟು. ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರಿಗೆ ಹಾಗೆ ಅನಿಸುವುದು ಸಹಜವೇ. ಆದರೆ ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಮೊದಲ ದೊಡ್ಡ ಗ್ರಂಥ ಬರೆದ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ, 1713ರ ಆವೃತ್ತಿಯಲ್ಲಿ ಗುಮಾಸ್ತರಿಗಾಗಿಯೇ ಒಂದು ಅಧ್ಯಾಯ ಸೇರಿಸಿದ. ಅವರ ತೊಂದರೆಗೆ ಅವನು ಕೊಟ್ಟ ಕಾರಣಗಳು ಮೂರು: ಸದಾ ಕುಳಿತೇ ಇರುವುದು, ಕೈ ಒಂದೇ ರೀತಿಯಲ್ಲಿ ಬಿಡುವಿಲ್ಲದೆ ಆಡುವುದು, ಮತ್ತು ಲೆಕ್ಕ ತಪ್ಪಬಾರದೆಂಬ ಮನಸ್ಸಿನ ಒತ್ತಡ. ಮುನ್ನೂರು ವರ್ಷ ಕಳೆದರೂ ಈ ಪಟ್ಟಿಯಿಂದ ತೆಗೆದುಹಾಕುವಂಥದ್ದು ಒಂದೂ ಇಲ್ಲ. ಲೇಖನಿಯ ಜಾಗಕ್ಕೆ ಮೌಸ್ ಬಂದಿದೆ, ಅಷ್ಟೆ. ಕಂಪ್ಯೂಟರ್ ಸೇರಿಸಿದ ನಾಲ್ಕನೆಯ ಕಾರಣವೊಂದಿದೆ. ಅದು ಸಣ್ಣ ಅಕ್ಷರ.

ಬ್ಯಾಂಕಿನಲ್ಲಿ ಸಣ್ಣ ಅಕ್ಷರ ಬರೀ ನೋವಿನ ವಿಷಯವಲ್ಲ, ಹಣದ ವಿಷಯವೂ ಹೌದು. 3 ಎಂಬುದು 8 ಆಗಿ, 1 ಎಂಬುದು 7 ಆಗಿ ಕಂಡರೆ ಒಬ್ಬರ ಖಾತೆಯ ಹಣ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಒಂದು ಸೊನ್ನೆ ತಪ್ಪಿದರೆ ಸಂಜೆಯ ನಗದು ತಾಳೆಯಾಗುವುದಿಲ್ಲ, ಕಡಿಮೆ ಬಿದ್ದದ್ದನ್ನು ಕ್ಯಾಶಿಯರ್ ತನ್ನ ಕೈಯಿಂದ ತುಂಬಬೇಕಾಗುತ್ತದೆ. ಹೊಟೇಲಿನ ಬಿಲ್ಲಿಂಗ್ ಯಂತ್ರದ ಮುಂದೆ ಕುಳಿತವರಿಗೂ, ಟ್ಯಾಕ್ಸ್ ಕನ್ಸಲ್ಟೆಂಟರ ಕಚೇರಿಯಲ್ಲಿ ರಿಟರ್ನ್ ತುಂಬುವವರಿಗೂ ಇದೇ ಅನುಭವ. ಕಣ್ಣು ದಣಿದ ಮೇಲಿನ ಕೊನೆಯ ಒಂದು ಗಂಟೆಯೇ ತಪ್ಪುಗಳ ಗಂಟೆ.

ಚಾಳೀಸಿನ ಕನ್ನಡಕ, ಪರದೆಯ ದೂರ

ನಲುವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ತನ್ನ ಸ್ಥಿತಿಸ್ಥಾಪಕ ಗುಣವನ್ನು ಕಳೆದುಕೊಳ್ಳುತ್ತಾ ಹತ್ತಿರದ ಅಕ್ಷರ ಮಸುಕಾಗತೊಡಗುತ್ತದೆ. ಹೆಸರಿನಲ್ಲೇ ವಯಸ್ಸನ್ನು ಹೊತ್ತ ಚಾಳೀಸು ಇದೇ. ಇದು ರೋಗವಲ್ಲ, ತಲೆಕೂದಲು ಬೆಳ್ಳಗಾದಂತೆ ಎಲ್ಲರಿಗೂ ಬರುವಂಥದ್ದು. ಆದರೆ ಚಾಳೀಸಿಗೆಂದು ಮಾಡಿಸುವ ಕನ್ನಡಕ ಸಾಮಾನ್ಯವಾಗಿ ಪತ್ರಿಕೆ ಓದುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಹೊಂದಿಸಿದ್ದು. ಕಚೇರಿಯ ಪರದೆ ಇರುವುದು ಒಂದು ತೋಳಿನ ದೂರದಲ್ಲಿ, ಸುಮಾರು 60ರಿಂದ 70 ಸೆಂಟಿಮೀಟರಿನಲ್ಲಿ.

ಲೆಕ್ಕ ಸರಳವಾಗಿದೆ. ದೂರದ ನಂಬರ್ ಇಲ್ಲದ, ಅರುವತ್ತರ ಹತ್ತಿರದ ವ್ಯಕ್ತಿಯೊಬ್ಬರು +2.50ರ ಕನ್ನಡಕ ಹಾಕಿದ್ದಾರೆ ಎನ್ನೋಣ. ನೂರು ಸೆಂಟಿಮೀಟರನ್ನು ಎರಡೂವರೆಯಿಂದ ಭಾಗಿಸಿದರೆ 40. ಆ ಕನ್ನಡಕಕ್ಕೆ ಸ್ಪಷ್ಟವಾಗಿ ಕಾಣುವುದು ಆ ದೂರದ ಅಕ್ಷರ. ಪರದೆ 65 ಸೆಂಟಿಮೀಟರಿನಲ್ಲಿದ್ದರೆ ಬೇಕಾದದ್ದು ಸುಮಾರು +1.50. ಕನ್ನಡಕ ಬದಲಾಗದಿದ್ದರೆ ಮೈ ಬದಲಾಗುತ್ತದೆ: ಅವರು ಕುರ್ಚಿಯ ಬೆನ್ನನ್ನು ಬಿಟ್ಟು ಒಂದು ಗೇಣು ಮುಂದೆ ಬಾಗಿ, ಗದ್ದ ಚಾಚಿ ಕುಳಿತುಬಿಡುತ್ತಾರೆ.

ಎರಡು ಭಾಗದ ಬೈಫೋಕಲ್ ಹಾಕಿದವರ ಕಷ್ಟ ಬೇರೆ. ಓದುವ ಗಾಜು ಕೆಳಗಿದೆ, ಪರದೆ ಎದುರಿಗಿದೆ. ಕೆಳಗಿನ ಗಾಜಿನಿಂದ ಎದುರಿನದನ್ನು ನೋಡಲು ಮುಖವನ್ನು ಮೇಲಕ್ಕೆತ್ತಲೇಬೇಕು. ದಿನವಿಡೀ ಹೀಗೆ ಕುತ್ತಿಗೆ ಹಿಂದಕ್ಕೆ ಮುರಿದುಕೊಂಡವರು ಕೊನೆಗೆ ಮೂಳೆ ಸವೆದಿದೆಯೆಂದು ಭಾವಿಸಿ ಎಕ್ಸ್‌ರೇ ತೆಗೆಸಲು ಹೊರಡುತ್ತಾರೆ. ಇಂಥವರು ಮಾನಿಟರನ್ನು ನಾಲ್ಕಾರು ಬೆರಳು ಕೆಳಗಿಳಿಸಿ, ಮೇಲಿನ ಅಂಚನ್ನು ತುಸು ಹಿಂದಕ್ಕೆ ವಾಲಿಸಿದರೆ ಅರ್ಧ ನೋವು ಕಡಿಮೆಯಾದೀತು. ಉಳಿದರ್ಧಕ್ಕೆ ಕಂಪ್ಯೂಟರ್ ದೂರಕ್ಕೆಂದೇ ಮಾಡಿಸಿದ ಪ್ರತ್ಯೇಕ ಕನ್ನಡಕ ಉಪಯುಕ್ತ. ಕಣ್ಣಿನ ವೈದ್ಯರಲ್ಲಿಗೆ ಹೋಗುವ ಮುನ್ನ ತನ್ನ ಕಣ್ಣಿಗೂ ಪರದೆಗೂ ಇರುವ ಅಂತರವನ್ನು ಟೇಪಿನಿಂದ ಅಳೆದು, ಚೀಟಿಯಲ್ಲಿ ಬರೆದು ಒಯ್ದರೆ ವೈದ್ಯರ ಕೆಲಸವೂ ಸುಲಭ.

ಅಕ್ಷರ ಎಷ್ಟು ದೊಡ್ಡದಿರಬೇಕು?

ಕಷ್ಟಪಟ್ಟು ಓದಬಲ್ಲ ಅತಿ ಸಣ್ಣ ಅಕ್ಷರದ ಮೂರು ಪಟ್ಟು ದೊಡ್ಡದಾದ ಅಕ್ಷರದಲ್ಲಿ ಹೊತ್ತುಗಟ್ಟಲೆ ಕೆಲಸ ಮಾಡಬಹುದು ಎಂಬುದು ನೇತ್ರತಜ್ಞರು ಹೇಳುವ ಸರಳ ಸೂತ್ರ. ಇದನ್ನು ಯಾರೂ ಕುಳಿತಲ್ಲೇ ಪರೀಕ್ಷಿಸಬಹುದು. ಯಾವುದಾದರೂ ಪತ್ರವನ್ನು ತೆರೆದು, ಬೆನ್ನನ್ನು ಕುರ್ಚಿಗೆ ಒರಗಿಸಿ, ಝೂಮನ್ನು ಕಡಿಮೆ ಮಾಡುತ್ತಾ ಹೋಗಬೇಕು. ಶೇ. 40ಕ್ಕೆ ಬಂದಾಗ ಅಕ್ಷರ ಇನ್ನೇನು ತಿಳಿಯದು ಎನ್ನುವಂತಾದರೆ, ಅವರಿಗೆ ಹಿತವಾದ ಗಾತ್ರ ಶೇ. 120. ಶೇ. 50ಕ್ಕೇ ಕಷ್ಟವಾದರೆ ಶೇ. 150. ಪಕ್ಕದ ಮೇಜಿನ ಇಪ್ಪತ್ತೈದರ ಹುಡುಗನಿಗೆ ಬೇಕಾದ ಗಾತ್ರವೂ ಐವತ್ತೈದರವರಿಗೆ ಬೇಕಾದ ಗಾತ್ರವೂ ಒಂದೇ ಆಗಿರಬೇಕಿಲ್ಲ.

ಗಾತ್ರ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಇಂಟರ್‌ನೆಟ್ ಪುಟಗಳಲ್ಲಿ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಅಕ್ಷರ ಹಿಗ್ಗುತ್ತದೆ, ಮೈನಸ್ ಒತ್ತಿದರೆ ಕುಗ್ಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಎಕ್ಸೆಲ್, ವರ್ಡ್‌ಗಳಲ್ಲಿ ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿದರಾಯಿತು. ಮುದ್ರಣದಲ್ಲಿ ಏನೂ ವ್ಯತ್ಯಾಸವಾಗದು; ಹಿಗ್ಗುವುದು ನೋಟ ಮಾತ್ರ. ವಿಂಡೋಸ್ 11ರ ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಟೆಕ್ಸ್ಟ್ ಸೈಜ್ ಇದೆ, ಅಕ್ಷರವನ್ನು ಶೇ. 225ರವರೆಗೂ ಹಿಗ್ಗಿಸಬಹುದು. ಡಿಸ್‌ಪ್ಲೇ ಎಂಬಲ್ಲಿನ ಸ್ಕೇಲನ್ನು 100ರಿಂದ 125 ಅಥವಾ 150ಕ್ಕೆ ಏರಿಸಿದರೆ ಅಕ್ಷರದೊಂದಿಗೆ ಗುಂಡಿಗಳೂ ದೊಡ್ಡದಾಗುತ್ತವೆ. ಕೆಲವರು ಇದಕ್ಕಾಗಿ ರೆಸೊಲ್ಯೂಶನ್ ಇಳಿಸುತ್ತಾರೆ. ಅದರಿಂದ ಅಕ್ಷರ ದೊಡ್ಡದಾದರೂ ಅಂಚು ಮಸುಕಾಗುವುದರಿಂದ ಅದು ಕೊನೆಯ ಉಪಾಯವಾಗಿರಲಿ.

ಕೆಲವು ಹಳೆಯ ತಂತ್ರಾಂಶಗಳು ಇದ್ಯಾವುದಕ್ಕೂ ಬಗ್ಗುವುದಿಲ್ಲ. ಆಗ ವಿಂಡೋಸ್ ಕೀಲಿಯೊಂದಿಗೆ ಪ್ಲಸ್ ಒತ್ತಿದರೆ ಭೂತಕನ್ನಡಿಯೊಂದು ಪರದೆಯ ಮೇಲೆ ಬರುತ್ತದೆ. ವಿಂಡೋಸ್ ಕೀಲಿಯೊಂದಿಗೆ ಎಸ್ಕೇಪ್ ಒತ್ತಿದರೆ ಹೋಗುತ್ತದೆ. ಕಚೇರಿಯ ಯಂತ್ರದಲ್ಲಿ ಇಂಥ ಬದಲಾವಣೆಗೆ ಬೀಗ ಹಾಕಿದ್ದರೆ ಕಂಪ್ಯೂಟರ್ ವಿಭಾಗಕ್ಕೆ ಒಂದು ಪತ್ರ ಬರೆದು ಕೇಳಬಹುದು.

ಆದರೆ ಹಲವರನ್ನು ತಡೆಯುವುದು ಬೀಗವಲ್ಲ, ಸಂಕೋಚ. ಅಕ್ಷರ ದೊಡ್ಡದು ಮಾಡಿದರೆ ‘ಅಂಕಲ್‌ಗೆ ವಯಸ್ಸಾಯಿತು’ ಎಂದು ಜೊತೆಯವರು ನಕ್ಕಾರು, ನಿವೃತ್ತಿಗೆ ನಾಲ್ಕು ವರ್ಷವಿರುವಾಗ ಕಣ್ಣು ಕಾಣದೆಂದು ಮೇಲಿನವರಿಗೆ ತಿಳಿದೀತು ಎಂಬ ಅಳುಕು. ಇಡೀ ಸಂಸಾರವನ್ನು ದಡ ಸೇರಿಸಿದ ಕಣ್ಣುಗಳಿಗೆ ನಾಚಿಕೆಯ ಕಾರಣಕ್ಕೆ ಶಿಕ್ಷೆ ಕೊಡುವುದು ಎಷ್ಟು ಸರಿ? ಕನ್ನಡಕ ಹಾಕಲು ನಾಚದವರು ಅಕ್ಷರ ಹಿಗ್ಗಿಸಲು ನಾಚಬೇಕಿಲ್ಲ.

ಕನ್ನಡಕ್ಕೆ ಇನ್ನೂ ಒಂದು ಹಿಡಿ ಹೆಚ್ಚು

ಪರದೆಯ ಮೇಲೆ ಕನ್ನಡ ಮೂಡಿದ ಕಥೆಯಲ್ಲಿ ಮುಂಬಯಿಗೂ ಪಾಲಿದೆ. ‘ಸೇಡಿಯಾಪು’ ತಂತ್ರಾಂಶವನ್ನೂ ಇಂದು ಬಳಕೆಯಲ್ಲಿರುವ ಕನ್ನಡ ಕೀಲಿಮಣೆಯ ವಿನ್ಯಾಸವನ್ನೂ ರೂಪಿಸಿದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇಲ್ಲಿನ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. 1996ರಲ್ಲಿ ‘ವಿಶ್ವಕನ್ನಡ’ ಜಾಲತಾಣವನ್ನು ಆರಂಭಿಸಿದ ಡಾ. ಯು. ಬಿ. ಪವನಜ ಅವರು ಇಲ್ಲಿನ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1998ರಲ್ಲಿ ಬಂದ ‘ಬರಹ’, ಅನಂತರ ಬಂದ ‘ನುಡಿ’ ತಂತ್ರಾಂಶಗಳಿಂದ ಸಂಘ ಸಂಸ್ಥೆಗಳ ಕಾರ್ಯದರ್ಶಿಗಳು ಆಮಂತ್ರಣ, ವರದಿ, ಸ್ಮರಣ ಸಂಚಿಕೆಗಳನ್ನು ತಾವೇ ಸಿದ್ಧಪಡಿಸುವಂತಾಯಿತು.

ಇಲ್ಲಿ ಗಮನಿಸಬೇಕಾದದ್ದು ಲಿಪಿಯ ಸ್ವಭಾವ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. ‘ಸ್ತ್ರೀ’, ‘ರಾಷ್ಟ್ರೀಯ’ ಎಂಬಲ್ಲಿ ಒಂದರ ಅಡಿ ಇನ್ನೊಂದು ಒತ್ತು. ಬ-ಭ, ದ-ಧ, ಪ-ಫ, ಡ-ಢ ಇವುಗಳ ನಡುವಿನ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು ಮಾತ್ರ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕಿ. ಇಂಗ್ಲಿಷಿಗೆ ಸಾಕಾಗುವ ಗಾತ್ರದಲ್ಲಿ ಕನ್ನಡವನ್ನಿಟ್ಟರೆ ಈ ಸೀಳು, ಚುಕ್ಕಿಗಳು ಮುಚ್ಚಿಹೋಗುತ್ತವೆ. ಅದೂ ಅಲ್ಲದೆ 12 ಪಾಯಿಂಟ್ ಎಂದು ಆರಿಸಿದರೂ ಒಂದೊಂದು ಫಾಂಟಿನಲ್ಲಿ ಅಕ್ಷರ ಒಂದೊಂದು ಗಾತ್ರಕ್ಕೆ ಕಾಣುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ‘ತುಂಗಾ’ದಲ್ಲಿ ಟೈಪ್ ಮಾಡಿದವರಿಗೆ ಇದು ಗೊತ್ತು. ಆದ್ದರಿಂದ ಕನ್ನಡ ಕೆಲಸಕ್ಕೆ ಅಂಕಿಯನ್ನು ನೋಡದೆ ಅಕ್ಷರವನ್ನೇ ನೋಡಿ, ಇಂಗ್ಲಿಷಿಗಿಂತ ಎರಡು ಪಾಯಿಂಟ್ ಹೆಚ್ಚಿಟ್ಟು, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಬಿಟ್ಟರೆ ಒತ್ತಕ್ಷರಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಕುಳಿತುಕೊಳ್ಳುವ ಕ್ರಮ

ಅಕ್ಷರ ಸರಿಯಾದ ಮೇಲೆ ಕುರ್ಚಿಯ ಸರದಿ. ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗಿರಬೇಕು. ಗಿಡ್ಡ ನಿಲುವಿನವರು, ಅದರಲ್ಲೂ ಮಹಿಳಾ ಸಿಬ್ಬಂದಿ, ಕಚೇರಿಯ ಎತ್ತರದ ಕುರ್ಚಿಯಲ್ಲಿ ಕಾಲು ತೂಗಾಡಿಸಿ ಕುಳಿತಿರುವುದು ಸಾಮಾನ್ಯ ದೃಶ್ಯ. ಕಾಲ ಕೆಳಗೆ ಒಂದು ಮಣೆಯನ್ನೋ ಕಾಗದದ ಎರಡು ರೀಮನ್ನೋ ಇಟ್ಟರೆ ಸೊಂಟದ ಭಾರ ಇಳಿಯುತ್ತದೆ. ಸೊಂಟದ ಹಿಂದಿನ ಖಾಲಿ ಜಾಗಕ್ಕೆ ಸುತ್ತಿದ ಟವಲ್ ಸಾಕು. ಮೊಣಕೈ ದೇಹದ ಪಕ್ಕದಲ್ಲೇ ಮಡಚಿ, ಮಣಿಕಟ್ಟು ನೇರವಾಗಿ, ಕೀಬೋರ್ಡ್ ಮತ್ತು ಮೌಸ್ ಒಂದೇ ಎತ್ತರದಲ್ಲಿ ಹತ್ತಿರ ಹತ್ತಿರ ಇರಬೇಕು. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇದ್ದು, ನೋಟ ಸ್ವಲ್ಪ ಕೆಳಮುಖವಾಗಿದ್ದರೆ ಒಳ್ಳೆಯದು.

ಬ್ಯಾಂಕ್ ಕೌಂಟರಿನಲ್ಲಿ ಎರಡು ವಿಶೇಷ ತೊಂದರೆಗಳಿವೆ. ಗ್ರಾಹಕರ ಮುಖ ಕಾಣಲೆಂದು ಮಾನಿಟರನ್ನು ಪಕ್ಕಕ್ಕೆ ಸರಿಸಿರುವುದರಿಂದ ಕುತ್ತಿಗೆ ದಿನವಿಡೀ ಒಂದೇ ಕಡೆ ತಿರುಗಿರುತ್ತದೆ. ಕುರ್ಚಿಯನ್ನೇ ತಿರುಗಿಸಿ ಎದೆ ಪರದೆಗೆ ಎದುರಾಗುವಂತೆ ಕುಳಿತುಕೊಳ್ಳುವುದು ಇದಕ್ಕೆ ಪರಿಹಾರ. ಚೆಕ್ಕು, ವೋಚರುಗಳು ಮೇಜಿನ ಮೇಲೆ ಮಲಗಿರುವುದರಿಂದ ತಲೆ ಸಾವಿರ ಸಲ ಬಗ್ಗಿ ಏಳುತ್ತದೆ. ಪರದೆಯ ಪಕ್ಕದಲ್ಲೇ ಅವನ್ನು ನಿಲ್ಲಿಸುವ ಸಣ್ಣ ಸ್ಟ್ಯಾಂಡ್ ಇದ್ದರೆ ಕಣ್ಣು ಮಾತ್ರ ಓಡಾಡುತ್ತದೆ. ಫೋನನ್ನು ಭುಜ-ಕಿವಿಗಳ ನಡುವೆ ಸಿಕ್ಕಿಸಿ ಟೈಪ್ ಮಾಡುವ ಅಭ್ಯಾಸವನ್ನಂತೂ ಬಿಡಲೇಬೇಕು.

ಕಿಟಕಿ ಪಕ್ಕದಲ್ಲಿರಲಿ. ಬೆನ್ನ ಹಿಂದಿದ್ದರೆ ಪರದೆಯಲ್ಲಿ ಪ್ರತಿಫಲಿಸುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು, ಎರಡರ ಬಿಳುಪು ಹೆಚ್ಚುಕಡಿಮೆ ಒಂದೇ ಎನಿಸುವವರೆಗೆ ಬ್ರೈಟ್‌ನೆಸ್ ಇಳಿಸಬೇಕು.

2020ರ ಲಾಕ್‌ಡೌನ್ ಕಾಲದಲ್ಲಿ ಡೊಂಬಿವಲಿ, ಮೀರಾ ರೋಡ್, ನೆರೂಲಿನ ಪುಟ್ಟ ಮನೆಗಳೇ ಕಚೇರಿಗಳಾದವು. ಮಂಚದ ಮೇಲೆ, ದಿವಾನದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕುಳಿತ ಮಕ್ಕಳಲ್ಲಿ ಹಲವರು ಆ ಭಂಗಿಯನ್ನು ಇನ್ನೂ ಬಿಟ್ಟಿಲ್ಲ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಗಳೂ ಅಂಟಿಕೊಂಡಿರುವುದರಿಂದ ಕೈ ಸರಿಯಾದರೆ ಕುತ್ತಿಗೆ ಬಗ್ಗುತ್ತದೆ, ಕುತ್ತಿಗೆ ಸರಿಯಾದರೆ ಕೈ ಎತ್ತರವಾಗುತ್ತದೆ. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೆ ಕೀಬೋರ್ಡ್ ಜೋಡಿಸುವುದೇ ಮದ್ದು.

ಇಷ್ಟೆಲ್ಲ ಮಾಡಿ ಹೊರಟವರನ್ನು ವಿರಾರ್, ಕಲ್ಯಾಣದ ಲೋಕಲ್ ಕಾಯುತ್ತಿರುತ್ತದೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಮೊಬೈಲ್, ತಲೆ ಎದೆಗೆ ತಾಗುವಷ್ಟು ಕೆಳಗೆ. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ತಲೆ 60 ಡಿಗ್ರಿ ಬಗ್ಗಿದಾಗ ಕುತ್ತಿಗೆಯ ಮೇಲಿನ ಹೊರೆ ಸುಮಾರು 27 ಕಿಲೋದಷ್ಟಾಗುತ್ತದೆ ಎಂದು ನ್ಯೂಯಾರ್ಕಿನ ಬೆನ್ನುಮೂಳೆ ತಜ್ಞ ಕೆನೆತ್ ಹಂಸರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯ ಮೂಲಕ ಲೆಕ್ಕ ಹಾಕಿದ್ದರು. ಮೊಬೈಲಿನ ಅಕ್ಷರವನ್ನೂ ಹಿಗ್ಗಿಸಿ, ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರೆ ಈ ಹೊರೆ ಎಷ್ಟೋ ಇಳಿಯುತ್ತದೆ.

ವಿರಾಮವೇ ಔಷಧ

ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ತೀರಾ ಕಡಿಮೆಯಾಗುತ್ತದೆ. ಏರ್‌ಕಂಡೀಷನ್ ಗಾಳಿ ಅದಕ್ಕೆ ಸೇರಿದರೆ ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಬೇಕೆಂಬುದು ತಜ್ಞರು ಹೇಳುವ ಸುಲಭ ಸೂತ್ರ. ಗಂಟೆಗೊಮ್ಮೆ ಎದ್ದು ನೀರು ಕುಡಿದು ಬಂದರೆ ಲೆಡ್ಜರ್ ಕಾಲದ ನಡಿಗೆಯ ಸ್ವಲ್ಪ ಪಾಲಾದರೂ ಮರಳುತ್ತದೆ. ನೀಲಿ ಬೆಳಕು ತಡೆಯುವ ಗಾಜೆಂದು ಹೆಚ್ಚು ಹಣ ಕೇಳುವ ಅಂಗಡಿಗಳುಂಟು. 17 ಪರೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಸಾಧಾರಣ ಗಾಜಿಗೆ ಹೋಲಿಸಿದರೆ ಅದರಿಂದ ಕಣ್ಣಿನ ದಣಿವು ಕಡಿಮೆಯಾಗುವ ಸಂಭವ ಕಾಣಲಿಲ್ಲ. ಆ ಹಣವನ್ನು ಸರಿಯಾದ ನಂಬರಿಗೆ ಖರ್ಚು ಮಾಡುವುದು ಲೇಸು.

ಪರದೆಯಿಂದ ಬರುವ ದಣಿವು ಸಾಮಾನ್ಯವಾಗಿ ವಿಶ್ರಾಂತಿಯಿಂದ ಹೋಗುತ್ತದೆ. ಹೋಗದ ಕೆಲವು ಲಕ್ಷಣಗಳಿಗೆ ವೈದ್ಯರೇ ಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುವುದು, ಕೈಯಿಂದ ವಸ್ತು ಜಾರುವುದು, ಕುತ್ತಿಗೆಯ ನೋವು ತೋಳಿಗೆ ಇಳಿಯುವುದು ನರ ಒತ್ತಿರುವ ಸೂಚನೆಯಾಗಿರಬಹುದು. ಸಕ್ಕರೆ ಕಾಯಿಲೆಯವರಂತೂ ಮಸುಕನ್ನು ಕಂಪ್ಯೂಟರಿನ ತಲೆಗೆ ಕಟ್ಟಿ ಸುಮ್ಮನಿರಬಾರದು, ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಮಾಡಿಸಲೇಬೇಕು.

ಸಂಘ ಸಂಸ್ಥೆಗಳು ಏನು ಮಾಡಬಹುದು?

ಮಹಾನಗರ ಮತ್ತು ಉಪನಗರಗಳ ಕನ್ನಡ ಸಂಘಗಳು ನೇತ್ರ ತಪಾಸಣಾ ಶಿಬಿರಗಳನ್ನು ನಡೆಸುವುದು ಹೊಸತೇನಲ್ಲ. ಅಲ್ಲಿ ದೂರದ ಚಾರ್ಟು, ಹತ್ತಿರದ ಪುಸ್ತಕ ಎರಡನ್ನೂ ಓದಿಸುತ್ತಾರೆ. ಅವುಗಳ ನಡುವಿನ, ಒಂದು ತೋಳಿನ ದೂರದ ತಪಾಸಣೆಯನ್ನೂ ಸೇರಿಸಬೇಕೆಂದು ಸಂಘಟಕರು ವೈದ್ಯರನ್ನು ವಿನಂತಿಸಿದರೆ ದುಡಿಯುವ ಸದಸ್ಯರಿಗೆ ದೊಡ್ಡ ಉಪಕಾರವಾದೀತು. ಕಂಪ್ಯೂಟರ್ ಬಲ್ಲ ಯುವ ವಿಭಾಗದ ಇಬ್ಬರು ಪಕ್ಕದಲ್ಲೇ ಕುಳಿತು, ಬಂದವರ ಮೊಬೈಲಿನ ಅಕ್ಷರವನ್ನು ಹಿಗ್ಗಿಸಿ ಕೊಡಬಹುದು. ಇದಕ್ಕೆ ತಗಲುವುದು ಒಬ್ಬರಿಗೆ ಎರಡು ನಿಮಿಷ.

ಇನ್ನೊಂದು ಕೆಲಸ ಸಂಘದ ಕಚೇರಿಯಲ್ಲೇ ಇದೆ. ವಾರ್ಷಿಕ ಮಹಾಸಭೆಗೆ ಬರುವವರಲ್ಲಿ ಹಿರಿಯರೇ ಹೆಚ್ಚು. ಅವರ ಕೈಗೆ ಕೊಡುವ ಆಯವ್ಯಯ ಪಟ್ಟಿಯಲ್ಲಿ ಪುಟ ಉಳಿಸಲೆಂದು ಅಕ್ಷರವನ್ನು ಇರುವೆಯಷ್ಟು ಮಾಡಿರುತ್ತಾರೆ. ಓದಲಾಗದ ಲೆಕ್ಕಕ್ಕೆ ಸಭೆ ಕೈ ಎತ್ತಿ ಸಮ್ಮತಿ ಕೊಡುತ್ತದೆ. ಮೊಬೈಲಿಗೆ ಬರುವ ಆಮಂತ್ರಣದಲ್ಲಿ ಗಣ್ಯರ ಭಾವಚಿತ್ರಗಳು ದೊಡ್ಡದಾಗಿ, ಕಾರ್ಯಕ್ರಮದ ಸ್ಥಳ ಮತ್ತು ಸಮಯ ಕಾಣದಷ್ಟು ಸಣ್ಣದಾಗಿ ಇರುತ್ತವೆ. ಕನ್ನಡದ ಅಕ್ಷರ 14 ಪಾಯಿಂಟಿಗೆ ಏರಿದರೆ ವರದಿಗೆ ನಾಲ್ಕು ಪುಟ ಹೆಚ್ಚಾದೀತು. ಆ ನಾಲ್ಕು ಪುಟದ ಕಾಗದದ ಖರ್ಚನ್ನು ಯಾವ ಲೆಕ್ಕ ಪರಿಶೋಧಕರೂ ಆಕ್ಷೇಪಿಸಲಾರರು. ಸದಸ್ಯರಾದರೋ ಮೊದಲ ಬಾರಿಗೆ ತಮ್ಮ ಸಂಘದ ಲೆಕ್ಕವನ್ನು ತಾವೇ ಓದಿ ಪ್ರಶ್ನೆ ಕೇಳುವಂತಾಗುತ್ತಾರೆ.